ಕೆಂಡದ ಕೋಳಿಗೆ ಮಸಾಲೆ: ರುಚಿಯೂ ಇರಲಿ, ಆರೋಗ್ಯವೂ ಉಳಿಯಲಿ



ಏಪ್ರಿಲ್, ಮೇ ತಿಂಗಳೆಂದರೆ ನಮ್ಮ ಮನೆಗಳಲ್ಲಿ ನೆಂಟರಿಷ್ಟರು ಸೇರುವ ಕಾಲ. ಮಕ್ಕಳಿಗೆ ರಜೆ. ಈಸ್ಟರ್ ಕಳೆದಿರುತ್ತದೆ. ಮದುವೆ, ಗೃಹಪ್ರವೇಶಗಳು ಒಂದರ ಹಿಂದೆ ಒಂದು ಬರುತ್ತವೆ. ಮುಂಬಯಿ, ಬೆಂಗಳೂರು, ಗಲ್ಫ್ ದೇಶಗಳಲ್ಲಿರುವ ಮಕ್ಕಳು ಊರಿಗೆ ಬಂದಾಗ ಅಂಗಳದಲ್ಲಿ ಕೆಂಡ ಮಾಡಿ ಕೋಳಿ ಸುಡುವ ಪದ್ಧತಿ ಈಗ ಹಳ್ಳಿಗಳಲ್ಲೂ ಬೆಳೆದಿದೆ. ಇದು ಒಳ್ಳೆಯದೇ. ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದಕ್ಕಿಂತ ಕೆಂಡದಲ್ಲಿ ಸುಟ್ಟ ಕೋಳಿಗೆ ಎಣ್ಣೆ ಕಡಿಮೆ ಸಾಕು. ಬೇಕಾದ ಮಸಾಲೆಯೆಲ್ಲ ಹೆಚ್ಚಿನಂಶ ನಮ್ಮ ತೋಟದಲ್ಲೇ ಇದೆ. ಕಂಗಿನ ಮರಕ್ಕೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿ, ಬಾವಿಕಟ್ಟೆಯ ಬಳಿಯ ನಿಂಬೆ, ಹಿತ್ತಿಲ ಕಾಂತಾರಿ ಮೆಣಸು, ಅರಸಿನ, ಶುಂಠಿ, ಕರಿಬೇವು, ತೆಂಗಿನೆಣ್ಣೆ, ಉರಿಸಲು ತೆಂಗಿನ ಗೆರಟೆ, ಬಡಿಸಲು ಹಾಳೆ ತಟ್ಟೆ ಎಲ್ಲವೂ ಇದೆ.

ಆದರೆ ಇದೇ ತಿಂಗಳುಗಳಲ್ಲಿ ಆಹಾರ ಬೇಗ ಹಾಳಾಗುತ್ತದೆ. 2022ರ ಮೇ ತಿಂಗಳ ಆರಂಭದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಕೋಳಿ ಶವರ್ಮ ತಿಂದ ಹಲವರು ಅಸ್ವಸ್ಥರಾದರು. ಶಾಲೆಗೆ ಹೋಗುವ ಒಬ್ಬ ಹುಡುಗಿ ಪ್ರಾಣ ಕಳೆದುಕೊಂಡಳು. ರೋಗಿಗಳ ಪರೀಕ್ಷೆಯಲ್ಲಿ ಶಿಗೆಲ್ಲ ಎಂಬ ರೋಗಾಣು ಪತ್ತೆಯಾಯಿತು. ಅಂಗಡಿಯಲ್ಲಿ ನಡೆಯಬಹುದಾದದ್ದು ನಮ್ಮ ಅಂಗಳದಲ್ಲೂ ನಡೆಯಬಹುದು. ಆದುದರಿಂದ ಈ ಸಲ ಕೋಳಿಗೆ ಮಸಾಲೆ ಹಿಡಿಸುವ ಸರಿಯಾದ ಕ್ರಮವನ್ನು ಕಲಿಯೋಣ. ಪಾಠದ ಸಾರವನ್ನು ಮೊದಲೇ ಹೇಳುತ್ತೇವೆ: ಮಸಾಲೆ ರುಚಿ ಕೊಡುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ನಮ್ಮನ್ನು ಕಾಯುವುದು ಮೂರು ಸಂಗತಿಗಳು: ಶುಚಿ, ತಂಪು ಮತ್ತು ಪೂರ್ತಿ ಬೇಯುವಷ್ಟು ಬಿಸಿ.

"ಅರಸಿನ ಹಾಕಿದ್ದೇವೆ, ನಿಂಬೆ ಹಿಂಡಿದ್ದೇವೆ, ಇನ್ನು ಏನೂ ಆಗದು" ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಉಪ್ಪು, ಹುಳಿ, ಅರಸಿನಗಳು ರೋಗಾಣುಗಳ ಬೆಳವಣಿಗೆಯನ್ನು ಸ್ವಲ್ಪ ತಡೆಯಬಹುದು. ಆದರೆ ಅಡುಗೆಗೆ ಹಾಕುವ ಪ್ರಮಾಣದಲ್ಲಿ ಅವು ಹಸಿ ಮಾಂಸವನ್ನು ಸುರಕ್ಷಿತ ಮಾಡಲಾರವು.

ಮಸಾಲೆಯಲ್ಲಿ ಯಾವುದು ಏನು ಮಾಡುತ್ತದೆ?

*1. ಉಪ್ಪು.* ಮಾಂಸದ ಒಳಗೆ ಆಳಕ್ಕೆ ಇಳಿಯುವುದು ಮುಖ್ಯವಾಗಿ ಉಪ್ಪು ಮಾತ್ರ. ಅದು ಮಾಂಸದ ನಾರುಗಳನ್ನು ಸಡಿಲಿಸಿ ನೀರಿನ ಅಂಶವನ್ನು ಹಿಡಿದಿಡುವಂತೆ ಮಾಡುತ್ತದೆ. ಹಾಗಾಗಿ ಕೆಂಡದ ಶಾಖಕ್ಕೆ ಮಾಂಸ ಒಣಗುವುದು ಕಡಿಮೆ. ಆದರೆ ಈ ಕೆಲಸಕ್ಕೆ ಸಮಯ ಬೇಕು. ಸುಡುವ 10 ನಿಮಿಷ ಮೊದಲು ಹಾಕಿದ ಉಪ್ಪು ಮೇಲೆಯೇ ಉಳಿಯುತ್ತದೆ. ಎಲುಬು ಸಹಿತ 1 ಕಿಲೋ ಕೋಳಿಗೆ ಮಟ್ಟಸವಾಗಿ ತುಂಬಿದ 2 ಟೀ ಚಮಚ ಹುಡಿ ಉಪ್ಪು, ಅಂದರೆ ಸುಮಾರು 12 ಗ್ರಾಂ, ಸಾಕು. ರಕ್ತದ ಒತ್ತಡವಿರುವವರ ಪಾಲಿಗೆ ಬೇರೆ ತೆಗೆದು ಇದರ ಅರ್ಧ ಹಾಕಿರಿ. ಒಳ್ಳೆಮೆಣಸು ಮತ್ತು ನಿಂಬೆ ಸ್ವಲ್ಪ ಮುಂದೆ ಇದ್ದರೆ ಉಪ್ಪಿನ ಕೊರತೆ ಅಷ್ಟಾಗಿ ಗೊತ್ತಾಗದು.

*2. ಹುಳಿ.* ನಿಂಬೆರಸ ಮತ್ತು ವಿನೆಗರ್ ತೀಕ್ಷ್ಣವಾದ ಹುಳಿಗಳು. ಇವುಗಳಲ್ಲಿ ಕೋಳಿಯನ್ನು ರಾತ್ರಿಯಿಡೀ ಇಟ್ಟರೆ ಹೊರಭಾಗ ಬಿಳಿಚಿ ಹಿಟ್ಟಿನಂತಾಗುತ್ತದೆ, ಸುಡುವಾಗ ಒಣಗುತ್ತದೆ. 1ರಿಂದ 2 ಗಂಟೆ ಸಾಕು. ಮೊಸರಿನ ಹುಳಿ ಸೌಮ್ಯ. ಮೊಸರು ಹಚ್ಚಿದ ಕೋಳಿಯನ್ನು ಫ್ರಿಜ್ಜಿನಲ್ಲಿ 6ರಿಂದ 12 ಗಂಟೆ ಇಡಬಹುದು.

*3. ಹಸಿ ಪಪ್ಪಾಯಿ.* ಕಾಯಿ ಪಪ್ಪಾಯಿಯ ಹಾಲಿನಲ್ಲಿ ಪಪೈನ್ ಎಂಬ ಕಿಣ್ವವಿದೆ. ಇದು ಮಾಂಸದ ನಾರನ್ನು ಕತ್ತರಿಸಿ ಮೆದು ಮಾಡುತ್ತದೆ. ಬ್ರಾಯ್ಲರ್ ಕೋಳಿಗೆ ಇದರ ಅಗತ್ಯವೇ ಇಲ್ಲ. ಬೆಳೆದ ಊರ ಕೋಳಿಗಾದರೆ 1 ಕಿಲೋಗೆ 1 ಟೀ ಚಮಚ ಅರೆದ ಕಾಯಿ, ಅದೂ ಅರ್ಧ ಗಂಟೆಯಿಂದ 1 ಗಂಟೆ ಮಾತ್ರ. ಹಸಿ ಅನನಾಸಿನ ರಸದಲ್ಲೂ, ಹಸಿ ಶುಂಠಿಯಲ್ಲೂ ಇಂತಹ ಕಿಣ್ವಗಳಿವೆ.

*4. ಎಣ್ಣೆ.* ಮೆಣಸಿನ ಖಾರವೂ ಬಣ್ಣವೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಫ್ರಿಜ್ಜಿಗೆ ಇಡುವ ಮಸಾಲೆಗೆ ಅದನ್ನು ಸೇರಿಸಿದರೆ ಮಸಾಲೆ ಗಂಟುಗಂಟಾಗಿ ಮಾಂಸದಿಂದ ಬಿಟ್ಟುಕೊಳ್ಳುತ್ತದೆ. ಆದುದರಿಂದ ತೆಂಗಿನೆಣ್ಣೆಯನ್ನು ಸುಡುವ ಹೊತ್ತಿಗೆ ಸವರಿರಿ.

*5. ಸಂಬಾರ ಮತ್ತು ಸಿಹಿ.* ಒಳ್ಳೆಮೆಣಸು, ಬೆಳ್ಳುಳ್ಳಿ, ಜೀರಿಗೆ ಮೊದಲಾದವುಗಳ ರುಚಿ ಹೊರಪದರದಲ್ಲೇ ಹೆಚ್ಚಾಗಿ ನಿಲ್ಲುತ್ತದೆ. ಎಷ್ಟು ಹೊತ್ತು ಇಟ್ಟರೂ ಎಲುಬಿನವರೆಗೆ ಇಳಿಯದು. ಅದಕ್ಕಾಗಿಯೇ ತೊಡೆ, ಕಾಲುಗಳಿಗೆ ಎಲುಬು ಮುಟ್ಟುವಷ್ಟು ಎರಡು ಮೂರು ಗೀರು ಹಾಕಬೇಕು. ಗೀರು ಹಾಕಿದ ಕೋಳಿ ಬೇಯುವುದೂ ಬೇಗ. ಬೆಲ್ಲ, ಜೇನು ಸೇರಿಸುವುದಿದ್ದರೆ ಕೊನೆಯ 5 ನಿಮಿಷಗಳಲ್ಲಿ ಮಾತ್ರ ಸವರಿರಿ. ಮೊದಲೇ ಹಾಕಿದರೆ ಹೊರಗೆ ಕರಟಿ ಒಳಗೆ ಹಸಿಯಾಗಿ ಉಳಿಯುತ್ತದೆ.

ಮೂರು ಬಗೆಯ ಮಸಾಲೆ (1 ಕಿಲೋ ಕೋಳಿಗೆ)

*ಒಳ್ಳೆಮೆಣಸಿನ ಮಸಾಲೆ:* ಉಪ್ಪು 2 ಟೀ ಚಮಚ, ತರಿತರಿಯಾಗಿ ಕುಟ್ಟಿದ ಒಳ್ಳೆಮೆಣಸು 2 ಟೀ ಚಮಚ, ಬೆಳ್ಳುಳ್ಳಿ 10 ಎಸಳು, ಶುಂಠಿ 1 ಅಂಗುಲ, ಅರಸಿನ ಹುಡಿ ಅರ್ಧ ಟೀ ಚಮಚ, ನಿಂಬೆ 1, ಕರಿಬೇವು 2 ಗರಿ. ನಿಂಬೆಯ ಹೊರತು ಉಳಿದೆಲ್ಲವನ್ನೂ ಅರೆದು ಹಚ್ಚಿ 4 ಗಂಟೆ ಫ್ರಿಜ್ಜಿನಲ್ಲಿ ಇಡಿರಿ. ನಿಂಬೆರಸವನ್ನು ಸುಡುವ 1 ಗಂಟೆ ಮೊದಲು ಬೆರೆಸಿರಿ.

*ಮೊಸರಿನ ಕೆಂಪು ಮಸಾಲೆ:* ಗಟ್ಟಿ ಮೊಸರು ಮುಕ್ಕಾಲು ಲೋಟ, ಬಿಸಿನೀರಿನಲ್ಲಿ ನೆನೆಸಿದ ಬ್ಯಾಡಗಿ ಮೆಣಸು 8ರಿಂದ 10, ಹುರಿದ ಕೊತ್ತಂಬರಿ 1 ದೊಡ್ಡ ಚಮಚ, ಜೀರಿಗೆ 1 ಟೀ ಚಮಚ, ಲವಂಗ 3, ಚಿಕ್ಕ ತುಂಡು ಚೆಕ್ಕೆ, ಬೆಳ್ಳುಳ್ಳಿ 8 ಎಸಳು, ಶುಂಠಿ 1 ಅಂಗುಲ, ಉಪ್ಪು 2 ಟೀ ಚಮಚ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದಿರಬೇಕು. ನೀರು ಹೆಚ್ಚಾದರೆ ಮಸಾಲೆ ಹಿಡಿಯದೆ ಕೆಂಡಕ್ಕೆ ಸುರಿಯುತ್ತದೆ. ಬ್ಯಾಡಗಿಯಿಂದ ಬಣ್ಣ ಬರುವುದರಿಂದ ಅಂಗಡಿಯ ಕೆಂಪು ಬಣ್ಣದ ಹುಡಿ ಬೇಡವೇ ಬೇಡ.

*ಕಾಂತಾರಿಯ ಹಸಿರು ಮಸಾಲೆ:* ಕಾಂತಾರಿ ಮೆಣಸು 10 (ಮಕ್ಕಳಿದ್ದರೆ 4), ಕೊತ್ತಂಬರಿ ಸೊಪ್ಪು 1 ಹಿಡಿ, ಕರಿಬೇವು 3 ಗರಿ, ಬೆಳ್ಳುಳ್ಳಿ 8 ಎಸಳು, ಶುಂಠಿ 1 ಅಂಗುಲ, ಜೀರಿಗೆ ಅರ್ಧ ಟೀ ಚಮಚ, ಉಪ್ಪು 2 ಟೀ ಚಮಚ, ನಿಂಬೆ 1. ಮೊದಲಿನಂತೆಯೇ ನಿಂಬೆಯನ್ನು ಕೊನೆಗೆ ಸೇರಿಸಿರಿ. ಕಾಂತಾರಿ ಅರೆದ ಕೈಯನ್ನು ಸಾಬೂನಿನಿಂದ ತೊಳೆಯದೆ ಕಣ್ಣಿಗೆ ತಾಗಿಸಬೇಡಿರಿ.

ಮಸಾಲೆ ಬೆರೆಸಲು ಸ್ಟೀಲ್, ಗಾಜು ಅಥವಾ ಪಿಂಗಾಣಿ ಪಾತ್ರೆ ಉತ್ತಮ. ಅಲ್ಯೂಮಿನಿಯಂ ಮತ್ತು ಕಲಾಯಿ ಇಲ್ಲದ ತಾಮ್ರದ ಪಾತ್ರೆಗಳಲ್ಲಿ ಹುಳಿ ಇಡಬಾರದು.

ಮನೆಯಲ್ಲಿ ಕೊಯ್ಯುವ ಕೋಳಿ

ಕೋಳಿ ಸಾಕುವ ಮನೆಯವರು ಮೂರು ವಿಷಯ ಗಮನಿಸಿರಿ. ಮೊದಲನೆಯದಾಗಿ, ತೂಕಡಿಸುವ, ಮೇವು ಬಿಟ್ಟ, ಕಾಯಿಲೆಯ ಲಕ್ಷಣವಿರುವ ಕೋಳಿಯನ್ನು "ಹೇಗೂ ಸಾಯುತ್ತದೆ" ಎಂದು ಕೊಯ್ಯಬೇಡಿರಿ. ಒಮ್ಮೆಲೇ ಹಲವು ಕೋಳಿಗಳು ಸತ್ತರೆ ಪಶು ಆಸ್ಪತ್ರೆಗೆ ತಿಳಿಸಿರಿ. ಎರಡನೆಯದಾಗಿ, ಕೋಳಿಗೆ ಔಷಧಿ ಕೊಟ್ಟಿದ್ದರೆ ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂದು ಔಷಧಿಯ ಚೀಟಿಯಲ್ಲಿ ನೋಡಿ ಅಥವಾ ಪಶುವೈದ್ಯರನ್ನು ಕೇಳಿ ಅಷ್ಟು ದಿನ ಕಾಯಿರಿ. ಮೂರನೆಯದಾಗಿ, ಕೊಯ್ದ ಕೂಡಲೇ ಮಾಂಸ ಸೆಡೆತುಕೊಂಡಿರುತ್ತದೆ. ಶುಚಿ ಮಾಡಿ 5-6 ಗಂಟೆ ತಣ್ಣಗೆ ಇಟ್ಟ ಮೇಲೆ ಸುಟ್ಟರೆ ಮೆದುವಾಗುತ್ತದೆ.

ವರ್ಷ ದಾಟಿದ ಊರ ಹುಂಜ, ಮೊಟ್ಟೆ ಬಿಟ್ಟ ಹೇಂಟೆಗಳು ನೇರ ಕೆಂಡಕ್ಕೆ ಹೇಳಿದ್ದಲ್ಲ. ಎಷ್ಟು ಮಸಾಲೆ ಹಿಡಿಸಿದರೂ ರಬ್ಬರಿನಂತೆ ಎಳೆಯುತ್ತವೆ. ಅವನ್ನು ಉಪ್ಪು, ಅರಸಿನ ಹಾಕಿ ಪೂರ್ತಿ ಬೇಯಿಸಿ, ಮಸಾಲೆ ಸವರಿ, ಕೂಡಲೇ ಕೆಂಡದ ಮೇಲೆ 10 ನಿಮಿಷ ಇಟ್ಟು ತೆಗೆಯಿರಿ. ಅರ್ಧ ಬೇಯಿಸಿ ಗಂಟೆಗಟ್ಟಲೆ ಹೊರಗೆ ಇಟ್ಟು ಮತ್ತೆ ಸುಡುವುದು ಅಪಾಯಕರ.

ಶುಚಿ ಮತ್ತು ತಂಪು

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಾಣುಗಳು ಇರುವುದು ಸಾಮಾನ್ಯ. ಅಂಗಡಿಯಿಂದ ಶುಚಿ ಮಾಡಿ ತಂದ ಕೋಳಿಯನ್ನು ನಳ್ಳಿಯ ಕೆಳಗೆ ಜೋರಾಗಿ ತೊಳೆಯುವುದರಿಂದ ರೋಗಾಣು ಹೋಗುವುದಿಲ್ಲ. ಸಿಡಿಯುವ ನೀರಿನೊಂದಿಗೆ ಅದು ಪಕ್ಕದ ತಟ್ಟೆ, ಸೊಪ್ಪು, ಲೋಟಗಳಿಗೆ ಹರಡುತ್ತದೆ. ತೊಳೆಯದೆ ಮನಸ್ಸು ಒಪ್ಪದವರು ಅಗಲ ಪಾತ್ರೆಯಲ್ಲಿ ನೀರು ತೆಗೆದುಕೊಂಡು ಸಿಡಿಯದಂತೆ ಮೆಲ್ಲಗೆ ತೊಳೆದು, ಆ ನೀರನ್ನು ದೂರ ಚೆಲ್ಲಿ, ಆ ಜಾಗವನ್ನು ಸಾಬೂನಿನಿಂದ ತಿಕ್ಕಿರಿ. ಕೋಳಿ ತುಂಡು ಮಾಡಿದ ಮೆಟ್ಟುಕತ್ತಿಯಲ್ಲೇ ನೀರುಳ್ಳಿ, ಮುಳ್ಳುಸೌತೆ ಹೆಚ್ಚುವುದು ನಮ್ಮ ಅಡುಗೆಮನೆಗಳಲ್ಲಿ ಅತಿ ಸಾಮಾನ್ಯ ತಪ್ಪು. ಕೋಳಿ ಮತ್ತೆ ಬೇಯುತ್ತದೆ, ಹಸಿ ನೀರುಳ್ಳಿ ಬೇಯುವುದಿಲ್ಲ! ಆದುದರಿಂದ ಹಸಿಯಾಗಿ ತಿನ್ನುವುದನ್ನು ಮೊದಲು ಹೆಚ್ಚಿ ಮುಚ್ಚಿಟ್ಟು, ಕೋಳಿಯನ್ನು ಕೊನೆಗೆ ಮುಟ್ಟಿರಿ.

ಕೈಯಲ್ಲಿ ಹುಣ್ಣು, ಕೀವು ಇರುವವರು ಮಸಾಲೆ ಹಚ್ಚುವ ಕೆಲಸಕ್ಕೆ ಬೇಡ. ಹುಣ್ಣಿನಿಂದ ಆಹಾರಕ್ಕೆ ಸೇರುವ ಒಂದು ಬಗೆಯ ರೋಗಾಣು ವಿಷವನ್ನು ಉಂಟುಮಾಡುತ್ತದೆ. ಮತ್ತೆ ಕುದಿಸಿದರೂ ಆ ವಿಷ ಹೋಗದು. ಭೇದಿ ಇರುವವರೂ, ಈಚೆಗೆ ಗುಣವಾದವರೂ ಅಡುಗೆಯಿಂದ ದೂರ ಇರಲಿ.

5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ರೋಗಾಣುಗಳು ಬೆಳೆಯುತ್ತವೆ. ಅನುಕೂಲವಿದ್ದರೆ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಹಸಿ ಕೋಳಿಯಾಗಲಿ ಬೆಂದ ಕೋಳಿಯಾಗಲಿ 2 ಗಂಟೆಗಿಂತ ಹೆಚ್ಚು ಹೊರಗಿರಬಾರದು. ಸೆಕೆ 32 ಡಿಗ್ರಿ ದಾಟಿದ ದಿನ 1 ಗಂಟೆಯೇ ಮಿತಿ. ನಮ್ಮ ಬೇಸಗೆಯಲ್ಲಿ ಹೆಚ್ಚಿನ ದಿನಗಳೂ ಅಂತಹವೇ ಆಗಿರುವುದರಿಂದ ಮಸಾಲೆ ಹಚ್ಚಿದ ಕೋಳಿಯನ್ನು ಮುಚ್ಚಿ ಅಡುಗೆ ಕಟ್ಟೆಯ ಮೇಲೆ ಇಡುವ ಅಭ್ಯಾಸ ಬಿಡಬೇಕು. ಒಂದೇ ಆಳದ ಪಾತ್ರೆಯಲ್ಲಿ 6 ಕಿಲೋ ತುಂಬಿ ಫ್ರಿಜ್ಜಿಗೆ ಇಟ್ಟರೆ ನಡುವಿನ ಮಾಂಸ ತಣ್ಣಗಾಗಲು ಬಹಳ ಗಂಟೆ ಬೇಕು. ಎರಡೆರಡು ಕಿಲೋದಂತೆ ಅಗಲ ಪಾತ್ರೆಗಳಲ್ಲಿ ಹಂಚಿ ಕೆಳಗಿನ ಅಂತಸ್ತಿನಲ್ಲಿ ಇಡಿರಿ. ಕರೆಂಟು ಹೋಗುವ ಊರಿನಲ್ಲಿ ಅಥವಾ ಫ್ರಿಜ್ಜು ಚಿಕ್ಕದಾದರೆ ಹೊಸ ಥರ್ಮಕೋಲ್ ಪೆಟ್ಟಿಗೆಯಲ್ಲಿ ಕೋಳಿಯಷ್ಟೇ ತೂಕದ ಮಂಜುಗಡ್ಡೆ ಹಾಕಿ, ಮುಚ್ಚಿದ ಡಬ್ಬಗಳನ್ನು ಅದರ ನಡುವೆ ಹೂತಿಡಿರಿ. ಮಂಜು ಕರಗಿದಂತೆ ಹೊಸತು ಹಾಕುತ್ತಿರಿ.

ಒಲೆ ಮತ್ತು ಕೆಂಡ

ಹಳೆಯ ಡ್ರಮ್ಮನ್ನು ಸೀಳಿ ಒಲೆ ಮಾಡುವವರಿದ್ದಾರೆ. ಕೀಟನಾಶಕ, ಬಣ್ಣ, ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ಬಳಸಬಾರದು. ಎಂಡೋಸಲ್ಫಾನಿನಿಂದ ನೊಂದ ಕುಟುಂಬಗಳಿರುವ ನಮ್ಮ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಂಪು ಕಲ್ಲು ಅಥವಾ ಇಟ್ಟಿಗೆಗಳನ್ನು ಎರಡು ಸಾಲಾಗಿ ಜೋಡಿಸಿ ಮೇಲೆ ಕಬ್ಬಿಣದ ಸರಳು ಇಟ್ಟರೆ ಸಾಕು. ಸತುವು ಲೇಪಿಸಿದ ಬೇಲಿ ಬಲೆ ಬೇಡ, ಬಿಸಿಗೆ ಅದರ ಹೊಗೆ ಹಾನಿಕರ. ಬಣ್ಣ ಬಳಿದ ಮರ, ಪ್ಲೈವುಡ್, ಹುಳ ಹಿಡಿಯದಂತೆ ಔಷಧಿ ಕೊಟ್ಟ ರಬ್ಬರ್ ಮರದ ಚೂರು, ಪ್ಲಾಸ್ಟಿಕ್ ಯಾವುದನ್ನೂ ಉರಿಸಬೇಡಿರಿ. ಕಣಗಿಲೆಯ ಕಡ್ಡಿಯಲ್ಲಿ ಮಾಂಸ ಪೋಣಿಸಬೇಡಿರಿ, ಆ ಗಿಡವೆಲ್ಲ ವಿಷ. ಮಳೆ ಬಂತೆಂದು ಕೆಂಡದ ಒಲೆಯನ್ನು ಮುಚ್ಚಿದ ಕೋಣೆಯೊಳಗೆ ತರಬೇಡಿರಿ. ಕಾಣದ, ವಾಸನೆಯಿಲ್ಲದ ವಿಷಾನಿಲದಿಂದ ಪ್ರಾಣ ಹೋದೀತು.

ಗೆರಟೆ ಉರಿದು ಜ್ವಾಲೆ ಅಡಗಿ ಕೆಂಡದ ಮೇಲೆ ತೆಳುವಾಗಿ ಬೂದಿ ಕಟ್ಟಿದ ಮೇಲೆಯೇ ಕೋಳಿ ಇಡಬೇಕು. ಕೆಂಡವನ್ನು ಒಂದು ಬದಿಗೆ ದಪ್ಪವಾಗಿಯೂ ಇನ್ನೊಂದು ಬದಿಗೆ ತೆಳುವಾಗಿಯೂ ಹರಡಿರಿ. ಮೊದಲು ತೆಳು ಬದಿಯಲ್ಲಿ ನಿಧಾನವಾಗಿ ಬೇಯಲಿ, ಕೊನೆಗೆ ದಪ್ಪ ಬದಿಯಲ್ಲಿ ಬಣ್ಣ ಬರಲಿ. ಐದೈದು ನಿಮಿಷಕ್ಕೆ ಮಗುಚಿರಿ. ಕೊಬ್ಬು ಬಿದ್ದು ಜ್ವಾಲೆ ಎದ್ದರೆ ತುಂಡನ್ನು ಪಕ್ಕಕ್ಕೆ ಸರಿಸಿರಿ. ಆ ಹೊಗೆಯಲ್ಲೂ ಕರಟಿದ ಮಾಂಸದಲ್ಲೂ ಕ್ಯಾನ್ಸರಿಗೆ ಕಾರಣವಾಗಬಲ್ಲ ಪದಾರ್ಥಗಳು ಉಂಟಾಗುತ್ತವೆ. ಮಸಾಲೆ ಹಚ್ಚಿದ ಮಾಂಸದಲ್ಲಿ ಇಂತಹ ಕೆಲವು ಪದಾರ್ಥಗಳು ಕಡಿಮೆ ಉಂಟಾಗುತ್ತವೆಂದು ಪ್ರಯೋಗಗಳಲ್ಲಿ ಕಂಡಿದೆ. ಆದರೂ ಕಪ್ಪಾದ ಭಾಗವನ್ನು ಕೆರೆದು ತೆಗೆಯಿರಿ.

ಗೀರು ಹಾಕಿದ ತೊಡೆ, ಕಾಲುಗಳಿಗೆ 35ರಿಂದ 45 ನಿಮಿಷ ಬೇಕು. ಎಲುಬಿಲ್ಲದ ತುಂಡುಗಳಿಗೆ 12ರಿಂದ 15 ನಿಮಿಷ. ಅತಿ ದಪ್ಪ ಜಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಬಿಸಿ ತಲಪಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ಎಲುಬಿಗೆ ತಾಗದಂತೆ ಚುಚ್ಚಿ ನೋಡಿರಿ. ಹಲವರು ಸೇರಿ ಒಂದು ಕೊಂಡುಕೊಂಡರೂ ಆದೀತು. ಇಲ್ಲದವರು ಅತಿ ದೊಡ್ಡ ತುಂಡನ್ನು ಎಲುಬಿನವರೆಗೆ ಸೀಳಿ ನೋಡಿರಿ. ರಸ ತಿಳಿಯಾಗಿರಬೇಕು, ಮಾಂಸ ಎಲುಬಿನಿಂದ ಸುಲಭವಾಗಿ ಬಿಡಬೇಕು, ಲೋಳೆಯಾಗಿರಬಾರದು. ಸಂದೇಹವಿದ್ದರೆ ಇನ್ನೂ 10 ನಿಮಿಷ ಇಡಿರಿ.

ಹಸಿ ಕೋಳಿಯಿದ್ದ ತಟ್ಟೆಗೆ ಬೆಂದ ಕೋಳಿಯನ್ನು ಹಾಕಬೇಡಿರಿ. ಇಕ್ಕಳವೂ ಬೇರೆಯಿರಲಿ. ಪಾತ್ರೆಯ ತಳದಲ್ಲಿ ಉಳಿದ ಮಸಾಲೆ ಹಸಿ ಮಾಂಸದ ರಸವೇ ಆಗಿದೆ. ಅದನ್ನು ಬೆಂದ ಕೋಳಿಗೆ ಸವರುವುದೆಂದರೆ ಮಾಡಿದ ಕೆಲಸವನ್ನೆಲ್ಲ ಕೆಡಿಸಿದಂತೆ. ಸವರಲು ಬೇಕಾದ ಮಸಾಲೆಯನ್ನು ಕೋಳಿಗೆ ಹಚ್ಚುವ ಮೊದಲೇ ಬೇರೆ ತೆಗೆದಿಡಿರಿ. ನೆಂಜಿಕೊಳ್ಳಲು ಹಸಿ ಮೊಟ್ಟೆಯ ಮೆಯೊನೇಸ್ ಬೇಡ. 2023ರ ಜನವರಿಯಲ್ಲಿ ಕೇರಳ ಸರಕಾರ ಅದನ್ನು ನಿಷೇಧಿಸಿತು. ಬಸಿದ ಮೊಸರಿಗೆ ಬೆಳ್ಳುಳ್ಳಿ, ಉಪ್ಪು, ಒಳ್ಳೆಮೆಣಸು ಬೆರೆಸಿದರೆ ಅದಕ್ಕಿಂತ ರುಚಿ.

25 ಮಂದಿಗೆ ಒಂದು ಲೆಕ್ಕ

ತಲೆಗೆ 250 ಗ್ರಾಂನಂತೆ ಸುಮಾರು 6 ಕಿಲೋ ಕೋಳಿ ಬೇಕು. ಉಪ್ಪು 12 ಟೀ ಚಮಚ. ರಾತ್ರಿ 7 ಗಂಟೆಗೆ ಊಟವೆಂದಾದರೆ:

ಬೆಳಗ್ಗೆ 8: ಕೋಳಿ ತಂದು, ಗೀರು ಹಾಕಿ, ನೀರು ಒರಸಿ, ಮೊಸರಿನ ಮಸಾಲೆ ಹಚ್ಚಿ ತಂಪಿಗೆ.
ಮಧ್ಯಾಹ್ನ 1: ಒಳ್ಳೆಮೆಣಸಿನ ಅಥವಾ ಹಸಿರು ಮಸಾಲೆಯಾದರೆ ಈಗ ಹಚ್ಚಬಹುದು. ಅಲ್ಲಿಯವರೆಗೆ ಕೋಳಿ ತಂಪಿನಲ್ಲೇ ಇರಲಿ.
ಸಂಜೆ 4-45: ಅವುಗಳಿಗೆ ನಿಂಬೆರಸ.
5-00: ಗೆರಟೆಗೆ ಬೆಂಕಿ.
5-45: ಒಂದು ಒಲೆಗೆ ಹಿಡಿಯುವಷ್ಟೇ ತುಂಡುಗಳನ್ನು ತಂಪಿನಿಂದ ತೆಗೆದು ಕೆಂಡಕ್ಕೆ. ಉಳಿದದ್ದು ತಂಪಿನಲ್ಲೇ ಇರಲಿ. ಎರಡು ಒಲೆಯಿದ್ದರೆ ಕೆಲಸ ಸುಲಭ.
7-00: ಬಿಸಿಯಾಗಿ ಬಡಿಸಿರಿ. ಮಿಕ್ಕಿದ್ದನ್ನು 8 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಿರಿ.

ಹೊಟ್ಟೆ ಕೆಟ್ಟರೆ

ಕೆಲವು ರೋಗಾಣುಗಳು ಕೆಲವೇ ಗಂಟೆಗಳಲ್ಲಿ, ಕೆಲವು ಎರಡು ಮೂರು ದಿನ ಕಳೆದು ವಾಂತಿ, ಭೇದಿ, ಜ್ವರ ತರುತ್ತವೆ. ನೀರು ಮತ್ತು ಲವಣ ನಷ್ಟವಾಗುವುದೇ ದೊಡ್ಡ ಅಪಾಯ. ಓ.ಆರ್.ಎಸ್. ಪೊಟ್ಟಣವನ್ನು ಅದರಲ್ಲಿ ಬರೆದಷ್ಟು ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿರಿ. ಪೊಟ್ಟಣವಿಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿ ನಿಲ್ಲಿಸುವ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಕೊಡಬೇಡಿರಿ. ರಕ್ತ ಹೋಗುವುದು, ತೀವ್ರ ಜ್ವರ, ಮೂತ್ರ ಕಡಿಮೆಯಾಗುವುದು, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಚಿಕ್ಕ ಮಕ್ಕಳು, ಗರ್ಭಿಣಿಯರು, ವೃದ್ಧರು, ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಲಕ್ಷಣ ಕಂಡ ದಿನವೇ ವೈದ್ಯರಿಗೆ ತೋರಿಸಿರಿ. ಒಂದೇ ಊಟ ಮಾಡಿದ ಹಲವರಿಗೆ ಕಾಯಿಲೆಯಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಮರ್ಯಾದೆಯ ಪ್ರಶ್ನೆಯೆಂದು ಮುಚ್ಚಿಡುವುದರಿಂದ ಇನ್ನೊಬ್ಬರ ಮಗುವಿಗೆ ಚಿಕಿತ್ಸೆ ತಡವಾದೀತು.

ಮನೆಯವರೆಲ್ಲ ಕುಳಿತು ಉತ್ತರಿಸಿರಿ

1. ಉಪ್ಪನ್ನು ಮೊದಲು, ನಿಂಬೆಯನ್ನು ಕೊನೆಗೆ ಹಾಕುವುದೇಕೆ?
2. ತೆಂಗಿನೆಣ್ಣೆಯನ್ನು ಫ್ರಿಜ್ಜಿಗೆ ಇಡುವ ಮಸಾಲೆಗೆ ಏಕೆ ಸೇರಿಸಬಾರದು?
3. ನಮ್ಮ ಮನೆಯಲ್ಲಿ ಕೋಳಿ ಕೊಯ್ದ ಕತ್ತಿಯಲ್ಲಿ ಆಮೇಲೆ ಏನೇನು ಹೆಚ್ಚುತ್ತೇವೆ?
4. ಪಾತ್ರೆಯಲ್ಲಿ ಉಳಿದ ಮಸಾಲೆಯನ್ನು ಏನು ಮಾಡಬೇಕು?
5. ಓ.ಆರ್.ಎಸ್. ಪೊಟ್ಟಣ ನಮ್ಮ ಮನೆಯಲ್ಲಿ ಈಗ ಇದೆಯೇ? ಎಲ್ಲಿದೆ?

ಕೊನೆಯ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದರೆ, ಕೋಳಿ ತರಲು ಪೇಟೆಗೆ ಹೋಗುವ ದಿನವೇ ಎರಡು ಪೊಟ್ಟಣಗಳನ್ನೂ ತಂದಿಡಿರಿ. ಅವು ಬಳಕೆಗೆ ಬಾರದೆ ಉಳಿಯಲೆಂದು ನಾವೆಲ್ಲರೂ ಹಾರೈಸೋಣ.